ಎದೆ ಢವಗುಟ್ಟಿದಾಗ ಕೌನ್ಸೆಲರ್ ಏನು ಮಾಡುತ್ತಾರೆ, ಫೋನಿನಲ್ಲಿ ಅದು ಹೇಗೆ ನಡೆಯುತ್ತದೆ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಹಾರ್ಟ್ ಅಟ್ಯಾಕ್. ಸಣ್ಣ ವಯಸ್ಸಿನವರು ಕೂತಲ್ಲೇ ಹೋಗುತ್ತಿದ್ದಾರೆ ಅನ್ನೋ ಸುದ್ದಿ ದಿನಾ ಟೀವಿಯಲ್ಲಿ, ವಾಟ್ಸಾಪಿನಲ್ಲಿ. ಸರ್ಕಾರ ತಜ್ಞರ ಸಮಿತಿ ಮಾಡಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಸಾಲಿನಲ್ಲಿ ಹೃದಯದ ತೊಂದರೆ ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ಇಸಿಜಿ, ಎಕೋ ಎಲ್ಲಾ ಮಾಡಿಸಿ ನಾರ್ಮಲ್ ಅಂತ ರಿಪೋರ್ಟ್ ತಂದವರಲ್ಲಿ ಕೆಲವರಿಗೆ ಮನೆಗೆ ಬಂದ ಮೇಲೂ ಢವಢವ ನಿಲ್ಲಲಿಲ್ಲ. ಡಾಕ್ಟರು "ಏನೂ ಇಲ್ಲ, ಟೆನ್ಷನ್ ಬಿಡಿ" ಅಂದಿದ್ದರು. ಟೆನ್ಷನ್ ಬಿಡೋದು ಹೇಗೆ ಅಂತ ಹೇಳುವಷ್ಟು ಹೊತ್ತು ಅಷ್ಟು ದೊಡ್ಡ ಸಾಲಿನ ಮುಂದೆ ಕೂತ ಡಾಕ್ಟರಿಗೆ ಇರುವುದಿಲ್ಲ.

ನಾನು ಹಾಸನದಲ್ಲಿ ಕೌನ್ಸೆಲಿಂಗ್ ಮಾಡುವವಳು. ಈಗ ನನ್ನ ಹತ್ತಿರ ಬರುವವರಲ್ಲಿ ಸುಮಾರು ಜನ ಫೋನಿನಲ್ಲಿ, ವಿಡಿಯೋದಲ್ಲೇ ಸಿಗುತ್ತಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಪ್ಪದ ಕಡೆಯವರು. ಹೊಸದಾಗಿ ಬರುವವರಿಗೆ ಎರಡು ಅನುಮಾನ ಇದ್ದೇ ಇರುತ್ತದೆ. ಈ ಕೌನ್ಸೆಲರ್ ಅನ್ನೋರು ಬರೀ ಮಾತಾಡಿ ಏನು ಮಾಡುತ್ತಾರೆ? ಅದೂ ಫೋನಿನಲ್ಲಿ ಮಾತಾಡಿದರೆ ಏನಾಗುತ್ತದೆ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಬಗೆಹರಿದ ಹಾಗೆ.

ಮನಸ್ಸಿಗೆ ಕಷ್ಟ ಅಂದರೆ ನಮ್ಮ ಕಡೆ ಮೊದಲು ಸಿಗೋದು ಬುದ್ಧಿಮಾತು. ಧೈರ್ಯ ತಗೋ, ಜಾಸ್ತಿ ಯೋಚನೆ ಮಾಡಬೇಡ, ನಿನಗೇನು ಕಮ್ಮಿಯಾಗಿದೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳುವವರಿಗೆ ಅದು ಮೊದಲೇ ಗೊತ್ತಿರುತ್ತದೆ, ಸಾವಿರ ಸಲ ತಮಗೆ ತಾವೇ ಹೇಳಿಕೊಂಡೂ ಆಗಿರುತ್ತದೆ. ಅದಕ್ಕೇ ಕೌನ್ಸೆಲರ್ ಹತ್ತಿರ ಬರುವಾಗಲೂ "ಮೇಡಂ, ನೀವೇ ಹೇಳಿ, ನಾನು ಏನು ಮಾಡಬೇಕು" ಅಂತ ಕೈಕಟ್ಟಿ ಕೂರುತ್ತಾರೆ. ಕೌನ್ಸೆಲಿಂಗ್ ಶುರುವಾಗೋದು ಆ ಕೈ ಬಿಚ್ಚಿದ ಮೇಲೆ.

1979ರಲ್ಲಿ ಎಡ್ವರ್ಡ್ ಬಾರ್ಡಿನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ವಿಷಯವನ್ನು ಬಹಳ ಸರಳವಾಗಿ ಬಿಡಿಸಿಟ್ಟರು. ಥೆರಪಿ, ಅಂದರೆ ಮಾತಿನ ಮೂಲಕ ಮಾಡುವ ಚಿಕಿತ್ಸೆ, ಯಾವ ಪಂಥದ್ದೇ ಇರಲಿ, ಅದು ಕೆಲಸ ಮಾಡಬೇಕಾದರೆ ಇಬ್ಬರ ನಡುವೆ ಮೂರು ಸಂಗತಿ ಕೂಡಿಬರಬೇಕು. ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು. ಅಲ್ಲಿಗೆ ಹೋಗಲು ಏನು ಮಾಡಬೇಕು ಅನ್ನೋದರಲ್ಲೂ ಒಪ್ಪಿಗೆ ಇರಬೇಕು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇರಬೇಕು. ಗುರಿ, ಕೆಲಸ, ನಂಬಿಕೆ, ಇಷ್ಟೇ. ಅವರಿಗಿಂತ ಮೊದಲೇ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ಕಷ್ಟ ಇರುವ ಮನುಷ್ಯನಿಗೇ ತನ್ನ ಬದುಕು ಜಾಸ್ತಿ ಗೊತ್ತು, ಥೆರಪಿಸ್ಟ್ ಅವನ ಮೇಲೆ ಕೂತು ತೀರ್ಪು ಕೊಡಬಾರದು ಅಂತ ಹೇಳಿದ್ದರು. ಅಲ್ಲಿನ ಮನೋವೈದ್ಯ ಆರನ್ ಬೆಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. "ನಿಮ್ಮ ಯೋಚನೆ ತಪ್ಪು" ಅಂತ ನಾವು ಹೇಳೋದು ಬೇಡ, ಆ ಯೋಚನೆ ನಿಜವೋ ಅಲ್ಲವೋ ಅಂತ ಇಬ್ಬರೂ ಸೇರಿ ಪರೀಕ್ಷೆ ಮಾಡಿ ನೋಡೋಣ ಅನ್ನೋದು ಅವರ ಕಾಗ್ನಿಟಿವ್ ಥೆರಪಿಯ ಜೀವಾಳ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಈ ಒಪ್ಪಿಗೆ ಮತ್ತು ನಂಬಿಕೆ ಚೆನ್ನಾಗಿದ್ದ ಕಡೆ ಫಲಿತಾಂಶವೂ ಚೆನ್ನಾಗಿರೋದು ಮತ್ತೆ ಮತ್ತೆ ಕಂಡಿತು. ಯಾವ ಬಗೆಯ ಥೆರಪಿ ಅನ್ನೋದು ಇಲ್ಲಿ ಅಷ್ಟು ದೊಡ್ಡ ವಿಷಯ ಆಗಲಿಲ್ಲ.

ಇದನ್ನು ಹೀಗೇ ಹೇಳಿದರೆ ಪಾಠದ ಹಾಗಿರುತ್ತದೆ. ಒಂದು ಉದಾಹರಣೆ ತಗೊಳ್ಳೋಣ. ಇದು ಯಾರೋ ಒಬ್ಬರ ಕಥೆ ಅಲ್ಲ, ಹಾಗೆ ಹೇಳಲೂಬಾರದು. ಗುರುತು ಸಿಗದ ಹಾಗೆ ಹಲವರ ಅನುಭವ ಸೇರಿಸಿ ಕಟ್ಟಿದ್ದು.

ಪಿಕಪ್ ಓಡಿಸುವ ಹುಡುಗ

ಸಕಲೇಶಪುರದ ಕಡೆಯ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ಮೂವತ್ತರ ಆಸುಪಾಸು. ಸ್ವಂತ ಪಿಕಪ್ ಇದೆ. ಮೆಣಸು, ಕಾಫಿ, ಶುಂಠಿ, ಸಿಕ್ಕ ಬಾಡಿಗೆ ಹೊಡೆಯುತ್ತಾನೆ, ಮಂಗಳೂರಿಗೆ ವಾರಕ್ಕೆ ಎರಡು ಮೂರು ಟ್ರಿಪ್. ಒಂದು ದಿನ ಶಿರಾಡಿ ಘಾಟಿಯಲ್ಲಿ ಟ್ರಾಫಿಕ್ ಜಾಮ್. ಹಿಂದೆ ಮುಂದೆ ಲಾರಿ. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರು. ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು, ಕಣ್ಣು ಮಂಜಾಯಿತು. ಹೋದ ವಾರವಷ್ಟೇ ಪರಿಚಯದ ಡ್ರೈವರ್ ಒಬ್ಬರು ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡ ಸುದ್ದಿ ಬಂದಿತ್ತು. ಇವನಿಗೆ ನನ್ನ ಸರದಿ ಬಂತು ಅನ್ನಿಸಿತು.

ಆಸ್ಪತ್ರೆಗೆ ಹೋದ. ಇಸಿಜಿ, ರಕ್ತ ಪರೀಕ್ಷೆ, ಎಕೋ, ಟ್ರೆಡ್‌ಮಿಲ್ ಟೆಸ್ಟ್ ಎಲ್ಲಾ ನಾರ್ಮಲ್. ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು: ಎದೆ ನೋವು ಬಂದಾಗ ಮೊದಲು ಹೋಗಬೇಕಾದ್ದು ಆಸ್ಪತ್ರೆಗೇ. ಪ್ಯಾನಿಕ್, ಅಂದರೆ ಹೃದಯ ಸರಿಯಿದ್ದೂ ಇದ್ದಕ್ಕಿದ್ದ ಹಾಗೆ ಬರುವ ವಿಪರೀತ ಭಯ, ಇರಬಹುದು ಅಂತ ಮನೆಯಲ್ಲಿ ಕೂರಬೇಡಿ. ಹೃದಯ ಸರಿ ಇದೆ ಅಂತ ಡಾಕ್ಟರು ಹೇಳಿದ ಮೇಲೆಯೇ ಕೌನ್ಸೆಲರ್ ಕೆಲಸ.

ಅಷ್ಟಾದ ಮೇಲೂ ಹುಡುಗನ ಭಯ ಹೋಗಲಿಲ್ಲ. ಘಾಟಿ ಬಾಡಿಗೆ ಬಿಟ್ಟ. ಯಾರಾದರೂ ಜೊತೆಗಿದ್ದರೆ ಮಾತ್ರ ಗಾಡಿ ಹತ್ತುವುದು. ಹೃದಯದ ತೊಂದರೆಯ ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಯಾರದೋ ಮಾತು ಕೇಳಿ ಜೇಬಿನಲ್ಲಿ ಇಟ್ಟುಕೊಂಡ. ಗಳಿಗೆಗೊಂದು ಸಲ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾನೆ. ದುಡಿಮೆ ಅರ್ಧಕ್ಕೆ ಬಂತು, ಗಾಡಿಯ ಕಂತು ನಿಂತಿತು. ಹೆಂಡತಿ ಯಾರ ಹತ್ತಿರವೋ ನಂಬರ್ ತಗೊಂಡು ಫೋನ್ ಮಾಡಿಸಿದಳು.

ಮೊದಲ ದಿನ ಕೇಳುವುದು ಗುರಿ. ಅವನು ಹೇಳುವುದು "ಭಯ ಪೂರ್ತಿ ಹೋಗಬೇಕು ಮೇಡಂ". ಇದನ್ನು ಹಾಗೇ ಒಪ್ಪಿಕೊಂಡರೆ ಇಬ್ಬರೂ ಸೋತ ಹಾಗೆ, ಯಾಕೆಂದರೆ ಭಯ ಪೂರ್ತಿ ಹೋದ ಮನುಷ್ಯ ಎಲ್ಲೂ ಇಲ್ಲ. ಹಾಗಂತ "ಅದು ಆಗಲ್ಲ" ಅಂತ ನಾನೇ ಬೇರೆ ಗುರಿ ಇಟ್ಟರೂ ತಪ್ಪು. ಹಾಗಾಗಿ ಕೇಳುವುದು: ಭಯ ಕಮ್ಮಿಯಾಗಿದೆ ಅಂತ ನಿಮ್ಮ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳುತ್ತಾನೆ, "ಒಬ್ಬನೇ ಲೋಡ್ ತಗೊಂಡು ಮಂಗಳೂರಿಗೆ ಹೋಗಿ ಬರಬೇಕು." ಇದು ಕಣ್ಣಿಗೆ ಕಾಣುವ ಗುರಿ. ಅವನದೇ ಗುರಿ. ಬರೆದಿಟ್ಟುಕೊಳ್ಳಬಹುದು, ಆಯಿತೋ ಇಲ್ಲವೋ ಅಂತ ಮುಂದೆ ನೋಡಬಹುದು.

ಆಮೇಲೆ ಆ ದಿನ ಆದದ್ದನ್ನು ಇಬ್ಬರೂ ಸೇರಿ ಕಾಗದದ ಮೇಲೆ ಬಿಡಿಸುತ್ತೇವೆ. ವಿಡಿಯೋ ಕಾಲಿನಲ್ಲಿ ಅವನ ಕೈಯಲ್ಲೇ ಪೆನ್ನು. ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆ. ನಾನು ಕೇಳುತ್ತೇನೆ, ಅವನು ಬರೆಯುತ್ತಾನೆ. ಮೊದಲು ಏನಾಯಿತು? "ಎದೆ ಹೊಡಕೊಂಡಿತು." ಆಗ ತಲೆಗೆ ಏನು ಬಂತು? "ಹಾರ್ಟ್ ಅಟ್ಯಾಕ್ ಅಂತ." ಹಾಗೆ ಅನ್ನಿಸಿದಾಗ ಮೈಯಲ್ಲಿ ಏನಾಯಿತು? "ಇನ್ನೂ ಜೋರಾಗಿ ಹೊಡಕೊಂಡಿತು." ಅದು ಏನನ್ನು ತೋರಿಸಿತು? "ಅಟ್ಯಾಕೇ ಅಂತ ಗ್ಯಾರಂಟಿ ಆಯಿತು." ಬಾಣದ ಗುರುತು ಹಾಕುತ್ತಾ ಹೋದರೆ ಕೊನೆಯ ಬಾಣ ಮೊದಲಿನದಕ್ಕೇ ಬಂದು ಸೇರುತ್ತದೆ. ಹಾಳೆಯನ್ನು ಕ್ಯಾಮೆರಾಗೆ ಹಿಡಿದು ತೋರಿಸುವಾಗ ಅವನಿಗೇ ಹೊಳೆದಿರುತ್ತದೆ, ಇದು ಸುತ್ತುತ್ತಾ ಇದೆ ಅಂತ.

ಈ ಸುತ್ತನ್ನು 1986ರಲ್ಲಿ ಡೇವಿಡ್ ಕ್ಲಾರ್ಕ್ ಅನ್ನೋ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ವಿವರಿಸಿದರು. ಮೈಯಲ್ಲಿ ಆಗುವ ಸಾಮಾನ್ಯ ಬದಲಾವಣೆಯನ್ನು ಮನಸ್ಸು ದೊಡ್ಡ ಗಂಡಾಂತರ ಅಂತ ಓದಿಕೊಳ್ಳುತ್ತದೆ. ಹಾಗೆ ಓದಿದ ಕೂಡಲೇ ಮೈ ಓಡಲು, ಹೊಡೆದಾಡಲು ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜಾಸ್ತಿಯಾಗುತ್ತದೆ, ಉಸಿರು ಮೇಲೆಮೇಲೆ ಬರುತ್ತದೆ. ಉಸಿರು ಜಾಸ್ತಿ ಆಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಅದರಿಂದಲೇ ತಲೆ ತಿರುಗುವುದು, ಬೆರಳ ತುದಿ ಮತ್ತು ತುಟಿ ಜುಮುಗುಟ್ಟುವುದು, ಕಣ್ಣು ಮಂಜಾಗುವುದು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ಆ ಹತ್ತು ನಿಮಿಷ ನಿಜಕ್ಕೂ ಸಾವೇ ಬಂದ ಹಾಗಿರುತ್ತದೆ. ಅದನ್ನು ನಾಟಕ ಅನ್ನುವವರನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ.

ಇಷ್ಟನ್ನೂ ನಾನೇ ಬಾಯಲ್ಲಿ ಹೇಳಿಬಿಟ್ಟರೆ ಅವನು "ಹೌದಾ ಮೇಡಂ" ಅಂತಾನೆ, ಅಲ್ಲಿಗೆ ಮುಗಿಯಿತು. ಪರೀಕ್ಷೆ ಮಾಡಿದಾಗ ಬೇರೆಯೇ. ಡಾಕ್ಟರು ಹೃದಯ, ಶ್ವಾಸಕೋಶ ಸರಿ ಇದೆ ಅಂದಿದ್ದಾರೆ, ಫಿಟ್ಸ್ ಇಲ್ಲ, ಅವನಿಗೂ ಒಪ್ಪಿಗೆ ಇದೆ ಅಂತ ಖಚಿತವಾದ ಮೇಲೆ, ಪಕ್ಕದ ಕೋಣೆಯಲ್ಲಿ ಹೆಂಡತಿ ಇರುವಾಗ, ಕುರ್ಚಿಯಲ್ಲಿ ಕೂತು ಒಂದು ನಿಮಿಷ ಬೇಗಬೇಗ ಜೋರಾಗಿ ಉಸಿರಾಡುವುದು. ನಾನೂ ಈ ಕಡೆ ಕೂತು ಅದನ್ನೇ ಮಾಡುತ್ತೇನೆ. ಅರ್ಧ ನಿಮಿಷ ಆಗುವಷ್ಟರಲ್ಲಿ ಅವನು ಕೈ ಎತ್ತಿ ಬೆರಳು ನೋಡಿಕೊಳ್ಳುತ್ತಾನೆ. "ಅದೇ ಮೇಡಂ! ಅವತ್ತು ಆಗಿದ್ದು ಇದೇ ಜೋಮು!" ನಿಲ್ಲಿಸಿ ಸುಮ್ನೆ ಕೂರುತ್ತೇವೆ. ಸ್ವಲ್ಪ ಹೊತ್ತಿಗೆ ಜೋಮು ಇಳಿಯುತ್ತದೆ. ಮಾತ್ರೆ ಇಲ್ಲ, ಆಸ್ಪತ್ರೆ ಇಲ್ಲ, ತಾನೇ ಬಂದದ್ದು ತಾನೇ ಹೋಯಿತು. ಇದನ್ನು ಮಾಡುವಾಗ ಅವನು ನನ್ನ ಮುಂದೆ ಕೂತಿಲ್ಲ, ಎಪ್ಪತ್ತು ಕಿಲೋಮೀಟರು ದೂರದ ತನ್ನ ಮನೆಯಲ್ಲೇ ಇದ್ದಾನೆ ಅನ್ನೋದನ್ನು ಗಮನಿಸಿ. ಭಯ ಬರುವುದೂ ಅದೇ ಮನೆಯಲ್ಲಿ. ಕಲಿತದ್ದೂ ಅಲ್ಲೇ.

ಮುಂದಿನ ಕೆಲಸದಲ್ಲಿ ನನ್ನ ಮಾತಿಗಿಂತ ಅವನ ಮಾತು ಜಾಸ್ತಿ ನಡೆಯುತ್ತದೆ. ದಿನಾ ಡೈರಿ ಬರೆಯಿರಿ ಅಂತ ನಾನು ಹೇಳಿದರೆ, "ಗಾಡಿ ಓಡಿಸೋನು ಎಲ್ಲಿ ಬರೀಲಿ ಮೇಡಂ" ಅಂತಾನೆ. ಸರಿ, ಗಾಡಿ ನಿಲ್ಲಿಸಿದಾಗ ಒಂದು ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ ತನ್ನ ಫೋನಿನಲ್ಲೇ ಇಟ್ಟುಕೊಳ್ಳುವುದು ಅಂತ ಬದಲಾಯಿಸುತ್ತೇವೆ. ಘಾಟಿ ರಸ್ತೆಯನ್ನು ಮೆಟ್ಟಿಲು ಮಾಡುವುದು ಅವನೇ. ಯಾವ ತಿರುವಿನಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆ, ಎಲ್ಲಿ ಟವರ್ ಸಿಗಲ್ಲ ಅನ್ನೋದು ನನಗೇನು ಗೊತ್ತು? ಮೊದಲು ತಮ್ಮನನ್ನು ಪಕ್ಕ ಕೂರಿಸಿಕೊಂಡು ದೋಣಿಗಾಲ್ ತನಕ, ಆಮೇಲೆ ಒಬ್ಬನೇ. ಆಮೇಲೆ ಮಾರನಹಳ್ಳಿ. ಆಮೇಲೆ ಘಾಟಿ ಇಳಿದು ಗುಂಡ್ಯ, ಅಲ್ಲಿಂದ ಉಪ್ಪಿನಂಗಡಿ. ಪ್ರತಿ ಮೆಟ್ಟಿಲಿಗೂ ಹೋಗುವ ಮೊದಲು "ಏನಾಗುತ್ತೆ ಅಂತ ಅನ್ನಿಸ್ತಿದೆ" ಅಂತ ಒಂದು ಸಲ, ಬಂದ ಮೇಲೆ "ಏನಾಯಿತು" ಅಂತ ಒಂದು ಸಲ ಹೇಳಿಟ್ಟುಕೊಳ್ಳುತ್ತಾನೆ. ಎರಡಕ್ಕೂ ನಡುವಿನ ವ್ಯತ್ಯಾಸವೇ ಔಷಧಿ. ಎದೆ ಬಡಿತ ಏರಿದರೆ ಜಾಗ ನೋಡಿ ಗಾಡಿ ಬದಿಗೆ ಹಾಕಿ, ಇಳಿಯುವ ತನಕ ಕಾಯುವುದು. ವಾಪಸ್ ತಿರುಗಿಸುವುದು ಬೇಡ. ಇದೂ ಮೊದಲೇ ಇಬ್ಬರೂ ಒಪ್ಪಿದ ಮಾತು.

ಜೇಬಿನ ಮಾತ್ರೆ? ಅದನ್ನು ಬಿಸಾಕು ಅಂತ ಕೌನ್ಸೆಲರ್ ಹೇಳುವ ಹಾಗಿಲ್ಲ. ಮಾತ್ರೆ ವಿಷಯ ಡಾಕ್ಟರಿಗೆ ಸೇರಿದ್ದು. ಹಾಗಾಗಿ ಅವನನ್ನೇ ಡಾಕ್ಟರ ಹತ್ತಿರ ಕಳಿಸಿ "ನನಗೆ ಇದು ಬೇಕಾ" ಅಂತ ಕೇಳಿಸುವುದು. ಬೇಡ ಅಂತ ಅವರು ಹೇಳಿದ ಮೇಲೂ ಜೇಬಿನಲ್ಲೇ ಇದ್ದರೆ, ಆ ಮಾತ್ರೆ ಭಯವನ್ನು ಕಾಯುತ್ತಿದೆಯೋ ಅವನನ್ನು ಕಾಯುತ್ತಿದೆಯೋ ಅಂತ ಮಾತಾಡಬಹುದು. ಪ್ಯಾನಿಕ್ ಜೋರಾಗಿದ್ದರೆ, ಜೊತೆಗೆ ನಿದ್ದೆ, ಊಟ ಕೆಟ್ಟು ಮನಸ್ಸು ಪೂರ್ತಿ ಕುಗ್ಗಿದ್ದರೆ ಮನೋವೈದ್ಯರನ್ನೂ ಸೇರಿಸಿಕೊಳ್ಳಬೇಕು. ಅವರು ಕೊಡುವ ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮಧ್ಯೆ ಬಿಟ್ಟುಬಿಡಬಾರದು. ಮಾತ್ರೆಯೋ ಮಾತೋ ಅಂತ ಜಗಳ ಮಾಡುವ ಅಗತ್ಯವೇ ಇಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

"ಎಲ್ಲಾ ಚೆನ್ನಾಗಿತ್ತು ಮೇಡಂ"

ಈ ಜೊತೆಗೂಡಿ ಮಾಡುವ ರೀತಿಯಲ್ಲಿ ನಮ್ಮೂರುಗಳಲ್ಲಿ ಒಂದು ತೊಡಕು ಇದೆ. ದೊಡ್ಡವರಿಗೆ, ಓದಿದವರಿಗೆ ಎದುರು ಹೇಳಬಾರದು ಅಂತ ಬೆಳೆದವರು ನಾವು. ಸೆಷನ್ ಕೊನೆಗೆ "ಹೇಗಿತ್ತು" ಅಂತ ಕೇಳಿದರೆ ಬರುವ ಉತ್ತರ ಒಂದೇ, ಎಲ್ಲಾ ಚೆನ್ನಾಗಿತ್ತು ಮೇಡಂ. ಮುಂದಿನ ವಾರ ಫೋನೇ ಎತ್ತುವುದಿಲ್ಲ. ಬೇಜಾರಾಗಿರುತ್ತದೆ, ಅಥವಾ ಹೇಳಿದ ಕೆಲಸ ಮಾಡಿರುವುದಿಲ್ಲ, ಅದನ್ನು ಹೇಳಲು ಸಂಕೋಚ.

ಹಾಗಾಗಿ ಕೇಳುವ ರೀತಿ ಬದಲಾಯಿಸಬೇಕಾಗುತ್ತದೆ. "ಇವತ್ತು ಮಾತಾಡಿದ್ದರಲ್ಲಿ ಒಂದನ್ನು ಬದಲಾಯಿಸಿ ಅಂದರೆ ಯಾವುದನ್ನು ಬದಲಾಯಿಸುತ್ತೀರಿ?" ಅಂದರೆ ಏನಾದರೂ ಒಂದು ಹೊರಗೆ ಬರುತ್ತದೆ. "ಈ ಕೆಲಸ ಈ ವಾರ ಆಗದಿರಲು ಏನೇನು ಅಡ್ಡ ಬರಬಹುದು?" ಅಂತ ಮೊದಲೇ ಕೇಳಿದರೆ, ಗೊನೆ ಕಡಿಯುವುದಿದೆ, ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಕಾಫಿ ಕುಯ್ಲಿಗೆ ಆಳು ಸಿಕ್ಕಿಲ್ಲ, ಎಲ್ಲಾ ಬರುತ್ತದೆ. ಆಗ ಕೆಲಸವನ್ನು ಚಿಕ್ಕದು ಮಾಡಬಹುದು. ಕೌನ್ಸೆಲರ್ ಹೇಳಿದ್ದು ನಿಮಗೆ ಹಿಡಿಸಲಿಲ್ಲ ಅಂದರೆ ದಯವಿಟ್ಟು ಹೇಳಿ. ಅದು ಅಗೌರವ ಅಲ್ಲವೇ ಅಲ್ಲ. ನನಗಂತೂ "ಇದು ನನಗೆ ಸರಿಹೋಗ್ತಿಲ್ಲ" ಅಂತ ಒಬ್ಬರು ಬಾಯಿಬಿಟ್ಟು ಹೇಳಿದ ದಿನವೇ ಕೆಲಸ ಮುಂದೆ ಹೋಯಿತು ಅನ್ನಿಸುವುದು. ಫೋನಿನಲ್ಲಿ ಇದು ಇನ್ನೂ ಸುಲಭ ಅನ್ನೋದನ್ನೂ ನೋಡಿದ್ದೇನೆ. ಎದುರಿಗೆ ಕೂತಾಗ ತಲೆತಗ್ಗಿಸುವ ಹೆಣ್ಣುಮಕ್ಕಳು ಬರೀ ಧ್ವನಿ ಇರುವ ಕಾಲಿನಲ್ಲಿ ನೇರವಾಗಿ ಮಾತಾಡುತ್ತಾರೆ.

ಹಾಗಾದರೆ ಆನ್‌ಲೈನ್ ಯಾಕೆ ಬೇಕು

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ದೊಡ್ಡವರಲ್ಲಿ ಶೇಕಡಾ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಏನಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇಕಡಾ 70ರಿಂದ 92. ಹತ್ತು ಜನರಲ್ಲಿ ಏಳು, ಎಂಟು, ಒಂಬತ್ತು ಜನರಿಗೆ ಏನೂ ಸಿಕ್ಕಿಲ್ಲ ಅಂತ ಅರ್ಥ.

ಯಾಕೆ ಸಿಗಲ್ಲ ಅಂತ ತಿಳಿಯಲು ಮಲೆನಾಡಿನ ಒಂದು ಮನೆಯಿಂದ ಹೊರಟು ನೋಡಿ. ಮೂಡಿಗೆರೆಯ ಆಚೆ ಒಂದು ಎಸ್ಟೇಟ್ ಲೈನ್ ಮನೆಯ ಹೆಂಗಸು. ಮುಖ್ಯರಸ್ತೆಗೆ ನಡೆಯಬೇಕು, ಬಸ್ ಹಿಡಿಯಬೇಕು, ಚಿಕ್ಕಮಗಳೂರಿಗೆ ಬರಬೇಕು, ಕಾಯಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. ಒಂದು ದಿನದ ಕೂಲಿ ಹೋಯಿತು. ಥೆರಪಿ ಅಂದರೆ ಒಂದು ದಿನದ್ದಲ್ಲ, ವಾರವಾರ ಸಿಗಬೇಕು. ಯಾರು ಬರುತ್ತಾರೆ? ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಅದೂ ಇಲ್ಲ.

ಎರಡನೆಯದು ಜನ. ಚಿಕ್ಕ ಊರಿನಲ್ಲಿ ಮನೋವೈದ್ಯರ ಬೋರ್ಡ್ ಕೆಳಗೆ ಸ್ಕೂಟರ್ ನಿಲ್ಲಿಸಿದರೆ ಸಂಜೆಯೊಳಗೆ ಹೋಬಳಿಗೆಲ್ಲಾ ಗೊತ್ತು. ಮದುವೆಗೆ ಬಂದ ಮಗಳಿದ್ದಾಳೆ ಅಂದರೆ ಅಪ್ಪ ಅಮ್ಮ ಆ ರಸ್ತೆಯಲ್ಲೇ ಹೋಗುವುದಿಲ್ಲ. ನಾಚಿಕೆ ಪಡುವ ವಿಷಯ ಅಲ್ಲ ಅಂತ ಭಾಷಣ ಮಾಡಬಹುದು, ನಾನೂ ಮಾಡಿದ್ದೇನೆ. ಆದರೆ ಊರು ಬದಲಾಗುವ ತನಕ ಕಷ್ಟದಲ್ಲಿರುವವರನ್ನು ಕಾಯಿಸುವುದು ಸರಿಯಾ? ಸ್ವಂತ ಮನೆಯ ಒಂದು ಕೋಣೆಯಿಂದ ಯಾರಿಗೂ ಗೊತ್ತಾಗದ ಹಾಗೆ ಮಾತಾಡಲು ಆದರೆ ಅವರು ಇವತ್ತೇ ಶುರು ಮಾಡುತ್ತಾರೆ.

ಮೂರನೆಯದು ಭಾಷೆ. ಅರಸೀಕೆರೆಯ ಹುಡುಗಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ಥೆರಪಿಸ್ಟ್ ಇದ್ದಾರೆ, ಇಂಗ್ಲಿಷಿನಲ್ಲಿ. ಆಫೀಸಿನ ಕೆಲಸಕ್ಕೆ ಆ ಇಂಗ್ಲಿಷ್ ಸಾಕು, ಅಜ್ಜಿ ಸತ್ತ ದುಃಖ ಹೇಳಲು ಸಾಲದು. ಅವಳಿಗೆ ಊರಿನ ಮಾತಿನಲ್ಲೇ ಕೇಳುವವರು ಆನ್‌ಲೈನಿನಲ್ಲಿ ಸಿಗುತ್ತಾರೆ.

ಇದು ಕೋವಿಡ್ ಕಾಲದಲ್ಲಿ ಹುಟ್ಟಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಅಮೆರಿಕದ ನೆಬ್ರಾಸ್ಕದಲ್ಲಿ 1959ರಲ್ಲೇ ಮನೋವೈದ್ಯರು ಎರಡೂ ಕಡೆ ಕಾಣುವ ಟೀವಿ ಜೋಡಿಸಿ ಗುಂಪು ಚಿಕಿತ್ಸೆ ಮಾಡಿದ್ದರು. ನಮ್ಮಲ್ಲಿ 2020ರ ಮಾರ್ಚ್ 25ರಂದು, ಡಾಕ್ಟರುಗಳು ಫೋನ್ ಮತ್ತು ವಿಡಿಯೋದಲ್ಲಿ ರೋಗಿಗಳನ್ನು ನೋಡುವುದಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಫಲಿತಾಂಶದ ವಿಷಯಕ್ಕೆ ಬಂದರೆ, ಇಂಟರ್ನೆಟ್ ಮೂಲಕ ಕೊಟ್ಟ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯನ್ನು (ಯೋಚನೆ, ನಡವಳಿಕೆ ಎರಡರ ಮೇಲೂ ಕೆಲಸ ಮಾಡುವ ಥೆರಪಿ) ಎದುರಾ ಎದುರು ಕೂತು ಕೊಟ್ಟದ್ದರ ಜೊತೆ ನೇರವಾಗಿ ಹೋಲಿಸಿದ 20 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ನೋಡಿದಾಗ ಎರಡರ ಪರಿಣಾಮ ಹೆಚ್ಚುಕಮ್ಮಿ ಒಂದೇ ಇತ್ತು. ಇಲ್ಲಿ ಒಂದು ಎಚ್ಚರ. ಅವುಗಳಲ್ಲಿ ಹೆಚ್ಚಿನವು ಪಾಠದ ರೂಪದಲ್ಲಿ ಕಳಿಸಿ, ಥೆರಪಿಸ್ಟ್ ಬೆನ್ನಿಗಿದ್ದು ಮಾಡಿಸಿದವು. ಯಾರೂ ಬೆನ್ನಿಗಿಲ್ಲದೆ ಒಂದು ಆ್ಯಪ್ ಹಾಕಿಕೊಂಡು ಬಿಟ್ಟರೆ ಅದೇ ಫಲ ಸಿಗುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಬೆನ್ನಿಗೆ ಮನುಷ್ಯ ಬೇಕು.

ನೆಟ್‌ವರ್ಕ್, ಕರೆಂಟು, ಆನೆ

ಹೇಳುವಷ್ಟು ಸುಲಭವಾಗಿ ಇದು ನಡೆಯುವುದಿಲ್ಲ. ಜುಲೈನಲ್ಲಿ ಗಾಳಿಮಳೆ ಹಿಡಿದರೆ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಕೆಲವು ಮನೆಗಳಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲೋ, ತೋಟದ ಗೇಟಿನ ಹತ್ತಿರವೋ ಮಾತ್ರ. ಸಂಜೆ ಹೊತ್ತು ಕೊಡೋಣ ಅಂದರೆ ಆಲೂರು, ಸಕಲೇಶಪುರ, ಬೇಲೂರಿನ ಸುಮಾರು ಊರುಗಳಲ್ಲಿ ಕತ್ತಲಾದ ಮೇಲೆ ಆನೆ ಭಯ, ಗೇಟಿನ ತನಕ ಹೋಗಲು ಆಗುವುದಿಲ್ಲ. ಹಾಗಾಗಿ ಸಮಯ ಗೊತ್ತು ಮಾಡುವಾಗಲೇ ಇದೆಲ್ಲಾ ಕೇಳಬೇಕು. ವಿಡಿಯೋ ನಿಂತರೆ ಮಾಮೂಲಿ ಕಾಲ್, ಕಾಲ್ ಕಟ್ಟಾದರೆ ಯಾರು ಯಾರಿಗೆ ಮಾಡಬೇಕು, ಹತ್ತು ನಿಮಿಷ ಸಿಗದಿದ್ದರೆ ಯಾವಾಗ ಮತ್ತೆ, ಎಲ್ಲಾ ಮೊದಲ ದಿನವೇ ಮಾತಾಗಬೇಕು. ಅಳುತ್ತಾ ಇರುವಾಗ ಕಾಲ್ ಕಟ್ಟಾದರೆ "ಮೇಡಂ ಫೋನ್ ಇಟ್ಟುಬಿಟ್ಟರು" ಅನ್ನಿಸಬಾರದಲ್ವಾ?

ಗುಟ್ಟಿನ ವಿಷಯ ಇನ್ನೂ ಸೂಕ್ಷ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಅಂತ ಹಕ್ಕು ಕೊಟ್ಟಿದೆ. ಆದರೆ ಹೆಂಚಿನ ಮನೆಯ ಅರ್ಧ ಗೋಡೆಗೆ ಕಾಯ್ದೆ ಗೊತ್ತಿಲ್ಲ. ಅತ್ತೆ ಪಕ್ಕದಲ್ಲೇ ಇರುತ್ತಾರೆ, ಫೋನ್ ಮನೆಯವರೆಲ್ಲರದ್ದು, ಕಾಲ್ ಲಿಸ್ಟ್ ಗಂಡ ನೋಡುತ್ತಾನೆ. ಕಾಫಿ ಗೋಡೌನಿನಲ್ಲಿ, ನಿಲ್ಲಿಸಿದ ಜೀಪಿನಲ್ಲಿ ಕೂತು ಮಾತಾಡುವವರು ಇದ್ದಾರೆ. ಇಯರ್‌ಫೋನ್ ಹಾಕಿದರೆ ನನ್ನ ಮಾತು ಹೊರಗೆ ಕೇಳುವುದಿಲ್ಲ, ಅವರ ಮಾತು ಕೇಳುತ್ತದೆ. ಅದಕ್ಕೆ ನಾನು ಹೌದು, ಇಲ್ಲ ಅಂತ ಉತ್ತರ ಬರುವ ಹಾಗೆ ಕೇಳುತ್ತೇನೆ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಮಾತು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. "ಹಾಲಿನ ಡೈರಿ ಲೆಕ್ಕ ಆಮೇಲೆ ಹೇಳ್ತೀನಿ" ಅಂದರೆ ಯಾರೋ ಬಂದಿದ್ದಾರೆ ಅಂತ ಅರ್ಥ, ನಾನು ಮಾತು ಬದಲಾಯಿಸುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಇದು ಅಷ್ಟೇ ಸಾಲದು. ಹೊಡೆಯುವವನು ಅದೇ ಮನೆಯಲ್ಲಿರುವಾಗ ಆನ್‌ಲೈನ್ ಮಾತು ಅಪಾಯ ತರಬಹುದು, ತವರಿಗೆ ಹೋದಾಗಲೋ ಆಸ್ಪತ್ರೆಗೆ ಬಂದಾಗಲೋ ಎದುರು ಸಿಗುವುದೇ ಒಳ್ಳೆಯದು.

ಆನ್‌ಲೈನಿಗೆ ಒಗ್ಗದ ಕಷ್ಟಗಳು ಬೇರೆಯೂ ಇವೆ. ಯಾರೂ ಇಲ್ಲದಾಗ ಧ್ವನಿ ಕೇಳುವುದು, ಇಲ್ಲದ ಅನುಮಾನ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ವಿಪರೀತ ಉತ್ಸಾಹ, ಇವಕ್ಕೆ ಮೊದಲು ಮನೋವೈದ್ಯರು ಎದುರಿಗೇ ನೋಡಬೇಕು. ಕುಡಿತ ಜಾಸ್ತಿ ಇರುವವರು ಕೌನ್ಸೆಲರ್ ಮಾತು ಕೇಳಿ ಒಂದೇ ದಿನಕ್ಕೆ ಬಿಟ್ಟುಬಿಟ್ಟರೆ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ. ಅವರನ್ನು ಡಾಕ್ಟರ ನಿಗಾದಲ್ಲೇ ಬಿಡಿಸಬೇಕು. ಸಾಯುವ ಯೋಚನೆ ಬರುತ್ತಿದೆ ಅನ್ನುವವರ ಜೊತೆ ಫೋನಿನಲ್ಲಿ ಮಾತಾಡಬಹುದು, ಮಾತಾಡಲೇಬೇಕು. ಆದರೆ ಮನೆಯಲ್ಲಿ ಇನ್ನೊಬ್ಬರು ಜೊತೆಗಿರಬೇಕು, ತೋಟದ ಔಷಧಿ ಬಾಟಲಿಗಳನ್ನು ಬೀಗ ಹಾಕಿಡಬೇಕು, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅದಕ್ಕೇ ಒಳ್ಳೆಯ ಕೌನ್ಸೆಲರ್ ಮೊದಲ ಕಾಲಿನಲ್ಲೇ ನಿಮ್ಮ ಪೂರ್ತಿ ವಿಳಾಸ ಮತ್ತು ತುರ್ತಿಗೆ ಒಬ್ಬರ ನಂಬರ್ ಕೇಳುತ್ತಾರೆ. ಯಾಕೆ ಕೇಳುತ್ತಾರೆ ಅಂತ ಅನುಮಾನ ಬೇಡ. ಕೇಳದೇ ಇದ್ದರೆ ಅನುಮಾನ ಪಡಿ.

ಯಾರನ್ನು ನಂಬುವುದು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗ ವಿಭಾಗದಲ್ಲಿ ಓದಿದವರು, ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು, ನಂಬರ್ ಕೇಳಿ ನೋಡಬಹುದು. ಕೌನ್ಸೆಲರ್ ಅನ್ನೋ ಬೋರ್ಡನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವ ಸ್ಥಿತಿ ಇನ್ನೂ ಇದೆ. ಹಾಗಾಗಿ ನೇರವಾಗಿ ಕೇಳಿ. ಏನು ಓದಿದ್ದೀರಿ, ಯಾರ ಕೈಕೆಳಗೆ ತರಬೇತಿ ಆಯಿತು, ನಿಮಗೆ ಗೊತ್ತಾಗದ್ದು ಬಂದರೆ ಯಾರನ್ನು ಕೇಳುತ್ತೀರಿ, ಫೀಸು ಎಷ್ಟು, ಕಾಲ್ ರೆಕಾರ್ಡ್ ಮಾಡುತ್ತೀರಾ. ಉತ್ತರ ಕೊಡಲು ಸಿಡಿಮಿಡಿ ಮಾಡುವವರ ಹತ್ತಿರ ಹೋಗಬೇಡಿ. ಇಷ್ಟು ವಾರದಲ್ಲಿ ಪೂರ್ತಿ ಗುಣ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರವೂ ಬೇಡ.

ದುಡ್ಡು ಕೊಡಲು ಆಗದವರಿಗೆ ದಾರಿ ಇಲ್ಲವೇ? ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ ಶುರು ಮಾಡಿತು, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ನಂಬರ್ 14416. ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ, ಇಂಟರ್ನೆಟ್ ಬೇಕಿಲ್ಲ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ಮುಂದೆ ತಜ್ಞರಿಗೆ ಜೋಡಿಸುತ್ತಾರೆ. ಎದುರಿಗೇ ನೋಡಬೇಕು ಅನ್ನುವವರಿಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಮಾಡಿದ್ದಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಜೀವಕ್ಕೆ ಅಪಾಯ ಅಂದರೆ 108 ಅಥವಾ 112.

ಮೊದಲ ಸಲ ಫೋನ್ ಮಾಡುವವರಿಗೆ ಏನು ಹೇಳಬೇಕು ಅಂತ ತೋಚುವುದಿಲ್ಲ. ಮಾತು ಜೋಡಿಸಿಟ್ಟುಕೊಳ್ಳುವ ಅಗತ್ಯ ಇಲ್ಲ. "ಯಾಕೋ ಸರಿ ಇಲ್ಲ, ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲ" ಅಂದರೂ ಸಾಕು, ಮುಂದೆ ಕೇಳುವುದು ಆ ಕಡೆಯವರ ಕೆಲಸ. ಮೂರು ನಾಲ್ಕು ಸಲ ಮಾತಾಡಿದ ಮೇಲೆ, ನಾವಿಬ್ಬರೂ ಯಾವ ಗುರಿ ಇಟ್ಟುಕೊಂಡಿದ್ದೆವು, ಈಗ ಎಲ್ಲಿದ್ದೇವೆ ಅಂತ ನೀವೇ ಕೇಳಿ. ನಿಮ್ಮ ಕೌನ್ಸೆಲರಿಗೆ ಅದಕ್ಕೆ ಉತ್ತರ ಗೊತ್ತಿರಬೇಕು. ಇಲ್ಲದಿದ್ದರೆ ಆ ದಿನ ಅದನ್ನೇ ಮಾತಾಡಿ. ಆಗಲೂ ಹೊಂದಿಕೆ ಆಗಲಿಲ್ಲ ಅಂದರೆ ಬೇರೆಯವರನ್ನು ನೋಡಿ, ನಿಮಗೆ ಆ ಹಕ್ಕಿದೆ.